ನೂರು ಮೀಟರ್

ಕೋರ್ಟಿನ ಎರಡನೇ ಮಹಡಿಯಲ್ಲಿ, ಆರನೇ ಕೋರ್ಟ್ ಹಾಲಿನ ಎದುರು, ಇದ್ದದ್ದು ಒಂದೇ ಬೆಂಚು. ಅದರ ಒಂದು ಕಾಲಿನಡಿ ಯಾರೋ ಹಳೇ ಫೈಲಿನ ರಟ್ಟು ಮಡಚಿ ತುರುಕಿದ್ದರು. ಆದರೂ ಕೂತವನು ಮಿಸುಕಿದರೆ ಬೆಂಚೂ ಮಿಸುಕುತ್ತಿತ್ತು. ಮಿಸ್ತ್ರಿ ಹತ್ತು ಗಂಟೆಗೇ ಬಂದು ಅದರ ತುದಿಯಲ್ಲಿ ಕೂತಿದ್ದ. ಎರಡು ವಾಷರ್ ಹಾಕಿ ಒಂದು ಸ್ಕ್ರೂ ಬಿಗಿದರೆ ಐದು ನಿಮಿಷದ ಕೆಲಸ ಎಂದು ಕೈಗೆ ಅನ್ನಿಸಿತು. ಬೆಂಚು ಯಂತ್ರವಲ್ಲ, ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಆಮೇಲೆ ತಲೆಗೆ ಹೊಳೆಯಿತು. ಹೀಗೆ ಪ್ರತಿಯೊಂದಕ್ಕೂ ತಲೆಯ ಅಪ್ಪಣೆ ಕೇಳುವ ಗತಿ ಬಂದು ಹದಿನಾಲ್ಕು ತಿಂಗಳಾಗಿತ್ತು. ಹದಿನಾಲ್ಕು ತಿಂಗಳಿಂದಲೂ ಎದೆಗೂಡಿನ ಕೆಳಗೆ ಒಂದು ಉರಿ ಆರದೆ ಉಳಿದಿತ್ತು. ಡಾಕ್ಟರು ಅದನ್ನು ಆ್ಯಸಿಡಿಟಿ ಎಂದು ಮಾತ್ರೆ ಕೊಟ್ಟಿದ್ದ. ಮಾತ್ರೆ ನುಂಗಿ ನುಂಗಿ ಬಾಯಿ ಕೆಟ್ಟಿತೇ ಹೊರತು ಉರಿಗೆ ಏನೂ ಆಗಲಿಲ್ಲ, ಯಾಕೆಂದರೆ ಅದು ಹೊಟ್ಟೆಯದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಅದು ಬರೀ ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಪಟ್ಟಿ ಉದ್ದವಿತ್ತು, ಮತ್ತು ಆ ಪಟ್ಟಿಯಲ್ಲಿ ಯಾರೊಬ್ಬರಿಗೂ ಅವನು ಇವತ್ತಿನವರೆಗೆ ಒಂದು ಏರುಮಾತು ಆಡಿರಲಿಲ್ಲ.

ತೊಡೆಯ ಮೇಲಿನ ಪ್ಲಾಸ್ಟಿಕ್ ಕವರಿನಲ್ಲಿ ತೀರ್ಪಿನ ಪ್ರತಿ ಇತ್ತು. ತೆಗೆದು ಓದುವ ಅಗತ್ಯವಿರಲಿಲ್ಲ, ಬಾಯಿಪಾಠವಾಗಿತ್ತು. ಲಿಫ್ಟ್ ರಿಪೇರಿಯಲ್ಲಿ ನಿರ್ಲಕ್ಷ್ಯ ತೋರಿ ಒಬ್ಬ ಹೆಂಗಸಿನ ಎಡಪಾದ ಹೋಗುವಂತೆ ಮಾಡಿದ ಅಪರಾಧಿ. ಒಂದು ವರ್ಷದ ಸಜೆಯನ್ನು ತಡೆಹಿಡಿದು, ಮೂರು ವರ್ಷ ಷರತ್ತಿನ ಮೇಲೆ ಬಿಟ್ಟಿದ್ದೇವೆ. ಷರತ್ತು ಒಂದು: ಯಾವುದೇ ಯಂತ್ರದ ಅಳವಡಿಕೆ, ನಿರ್ವಹಣೆ ಅಥವಾ ದುರಸ್ತಿ ಮಾಡತಕ್ಕದ್ದಲ್ಲ. ಷರತ್ತು ಎರಡು: ಗಾಯಾಳುವಿನೊಂದಿಗೆ ಮಾತುಕತೆ ನಡೆಸತಕ್ಕದ್ದಲ್ಲ, ಆಕೆಯಿಂದ ನೂರು ಮೀಟರ್ ದೂರ ಇರತಕ್ಕದ್ದು. ಷರತ್ತು ಮೂರು: ತಿಂಗಳ ಮೊದಲ ಸೋಮವಾರ ಪ್ರೊಬೇಷನ್ ಅಧಿಕಾರಿಯ ಮುಂದೆ ಹಾಜರಾಗತಕ್ಕದ್ದು. ಮಾಡತಕ್ಕದ್ದು, ಇರತಕ್ಕದ್ದು, ಆಗತಕ್ಕದ್ದು. ತಾಯಿಯ ಹೊಟ್ಟೆಯಿಂದ ಬಂದ ಯಾರೂ ಹಾಗೆ ಮಾತಾಡುವುದಿಲ್ಲ. ಮೊದಮೊದಲು ಹೆಂಡತಿ ಅದನ್ನೇ ಹಿಡಿದು ತಮಾಷೆ ಮಾಡುತ್ತಿದ್ದಳು. "ಊಟಕ್ಕೆ ಬರತಕ್ಕದ್ದು," ಎನ್ನುತ್ತಿದ್ದಳು. ಫ್ಯಾನಿನ ರೆಗ್ಯುಲೇಟರಿಗೆ ಕೈ ಹಾಕಿದರೆ, "ರೀ, ಬಿಡಿ, ಒಳಗೆ ಹಾಕ್ತಾರೆ," ಎನ್ನುತ್ತಿದ್ದಳು. ಅವನು ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ, ತಟ್ಟೆ ನೋಡುತ್ತ ಉಣ್ಣುತ್ತಿದ್ದ. ಗೋಡೆಯ ಜೊತೆ ಎಷ್ಟು ದಿನ ತಮಾಷೆ ಮಾಡುವುದಕ್ಕಾಗುತ್ತದೆ. ಕೆಲವು ತಿಂಗಳಿಗೆ ಅವಳೂ ಸುಮ್ಮನಾದಳು.

ಇವತ್ತು ಮೊದಲನೇ ಷರತ್ತು ಬದಲಾಗಬೇಕಿತ್ತು. "ಯಾವುದೇ ಯಂತ್ರ" ಎನ್ನುವಲ್ಲಿ "ಲಿಫ್ಟ್" ಎಂದು ತಿದ್ದಬೇಕು, ಅಷ್ಟೇ. ತಿದ್ದಿದರೆ ಸೋಮವಾರದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ: ಆರು ದೊಡ್ಡ ವಾಷಿಂಗ್ ಮಷಿನ್, ಎರಡು ಡ್ರೈಯರ್, ಎಲ್ಲವೂ ವಯಸ್ಸಾಗಿ ಗೊರಗುಡುತ್ತಿದ್ದವು. ಫೋರ್‌ಮನ್ ಅವನನ್ನು ಒಂದು ಸುತ್ತು ಕರೆದುಕೊಂಡು ಹೋಗಿದ್ದ. ಮಿಸ್ತ್ರಿ ಮೂರನೇ ಮಷಿನ್ನಿನ ಮುಂದೆ ನಿಂತು ಸದ್ದು ಕೇಳಿ, "ಬೇರಿಂಗ್ ಹೋಗ್ತಾ ಇದೆ, ಇನ್ನೊಂದು ತಿಂಗಳು ತಡೆಯಲ್ಲ," ಎಂದು ಬಾಯಿತಪ್ಪಿ ಹೇಳಿಬಿಟ್ಟಿದ್ದ. ಹಾಗೆ ಹೇಳುವುದೂ ನಿರ್ವಹಣೆಯೇ ಇರಬಹುದೇ ಎಂದು ಆಮೇಲೆ ಬಸ್ಸಿನುದ್ದಕ್ಕೂ ಯೋಚಿಸಿದ್ದ. ಫೋರ್‌ಮನ್ ಶುಕ್ರವಾರ ಸಂಜೆಯವರೆಗೆ ಕಾಯುತ್ತೇನೆ ಎಂದಿದ್ದ, ಇವತ್ತೇ ಶುಕ್ರವಾರ. ಕೆಲಸ ತಪ್ಪಿದರೆ ಮತ್ತೆ ಬಟ್ಟೆ ಅಂಗಡಿಯ ಕೆಳಗಿನ ಪಾರ್ಕಿಂಗಿನಲ್ಲಿ ಸೀಟಿ ಊದುವುದೇ. ಹಿಂದೆ ಬನ್ನಿ, ಹಿಂದೆ ಬನ್ನಿ, ಸಾಕು. ಹೋದ ತಿಂಗಳು ಹಳೇ ಕಂಪನಿಯ ಸೂಪರ್‌ವೈಸರ್ ಬಂದಿದ್ದ. ಹದಿನೈದು ವರ್ಷ ಜೊತೆಗಿದ್ದವನು, ತಿಂಗಳಿಗೆ ಇಪ್ಪತ್ತು ಲಿಫ್ಟ್ ನೋಡುವವನ ಕೈಗೆ ನಲವತ್ತು ಕೊಟ್ಟು, "ಮಿಸ್ತ್ರಿ, ನಿನಗೆ ಇದೇನು ಮಹಾ," ಎಂದು ಬೆನ್ನು ತಟ್ಟಿದವನು. ಮಿಸ್ತ್ರಿ ಸೀಟಿ ಊದಿ ಅವನ ಕಾರನ್ನು ಕಂಬ ತಗಲದಂತೆ ನಿಲ್ಲಿಸಿದ. ಅವನು ಇಳಿದು, ಮುಖ ನೋಡಿ, ಗುರುತು ಸಿಕ್ಕಿ, ಸಿಗದವನ ಹಾಗೆ ಫೋನ್ ಕಿವಿಗಿಟ್ಟುಕೊಂಡು ಹೋದ. ಫೋನಿನ ಪರದೆ ಹೊತ್ತಿಕೊಂಡಿರಲೇ ಇಲ್ಲ.

ವಕೀಲೆ ಇನ್ನೂ ಬಂದಿರಲಿಲ್ಲ. ಬೆಳಗಿಗೇ ಮೂರು ಹಾಲುಗಳಲ್ಲಿ ಕೇಸಿದೆ, ನಿಮ್ಮದು ಕೂಗುವ ಹೊತ್ತಿಗೆ ಬರುತ್ತೇನೆ ಎಂದಿದ್ದಳು. ಬಡವರಿಗೆ ಸರ್ಕಾರವೇ ಕೊಡುವ ಉಚಿತ ವಕೀಲೆ. ವಯಸ್ಸು ಇಪ್ಪತ್ತೆಂಟೋ ಮೂವತ್ತೋ, ಕಣ್ಣಡಿಯ ಕಪ್ಪು ಮಾತ್ರ ಐವತ್ತರದು. ಅವಳ ಕೋಣೆಯಲ್ಲಿ ಕುರ್ಚಿಗಳ ಮೇಲೂ ಫೈಲುಗಳೇ ಕೂತಿದ್ದರಿಂದ ಕಕ್ಷಿದಾರರು ನಿಂತೇ ಮಾತಾಡುತ್ತಿದ್ದರು. ಪ್ರಮಾಣಪತ್ರ ಬರೆಸುವ ದಿನ ಅವಳು ಹೇಳುತ್ತ ಹೋದಳು, ಟೈಪಿಸ್ಟ್ ಕುಟ್ಟುತ್ತ ಹೋದ. "ಅರ್ಜಿದಾರನು ಕಳೆದ ಹದಿನಾಲ್ಕು ತಿಂಗಳಲ್ಲಿ ಯಾವುದೇ ಯಂತ್ರವನ್ನು ಮುಟ್ಟಿರುವುದಿಲ್ಲ."

"ಮುಟ್ಟಿದೀನಿ ಮೇಡಂ," ಎಂದ ಮಿಸ್ತ್ರಿ.

ಟೈಪಿಸ್ಟ್ ಕೈ ನಿಲ್ಲಿಸಿದ.

"ಏನು ಮುಟ್ಟಿದ್ರಿ?"

"ಮಿಕ್ಸಿ. ಕಾರ್ಬನ್ ಬ್ರಷ್ ಬದಲಾಯಿಸಿದೆ. ಮಗಳ ಸೈಕಲ್ ಚೈನ್ ಬಿದ್ದಿತ್ತು, ಹಾಕಿದೆ."

"ಸೈಕಲ್ ಬಿಡಿ, ಅದು ಯಂತ್ರ ಹೌದೋ ಅಲ್ವೋ ಅಂತ ಕೋರ್ಟೇ ಹೇಳ್ಬೇಕು. ಮಿಕ್ಸಿ ವಿಷಯ ಯಾರಿಗೆ ಗೊತ್ತು?"

"ನನ್ನ ಹೆಂಡತಿಗೆ."

"ಅವರೇನು ದೂರು ಕೊಡ್ತಾರಾ?"

"ಚಟ್ನಿ ನುಣ್ಣಗಾಗಲಿಲ್ಲ ಅಂದ್ರೆ ಕೊಡಬಹುದು," ಎಂದು ಟೈಪಿಸ್ಟ್ ಹಲ್ಲು ಕಿರಿದ. ವಕೀಲೆಯೂ ನಕ್ಕಳು. ಮಿಸ್ತ್ರಿಗೆ ಕಿವಿ ಬಿಸಿಯಾಯಿತು. ಕೊನೆಗೆ "ವೃತ್ತಿಯಾಗಿ ಮುಟ್ಟಿರುವುದಿಲ್ಲ" ಎಂದು ಬರೆಸಿದಳು. ಅದರ ಕೆಳಗೆ "ತೀವ್ರ ಪಶ್ಚಾತ್ತಾಪ ಪಟ್ಟಿರುತ್ತಾನೆ" ಎಂಬ ಸಾಲು ಬಂತು. ಅದು ಎಲ್ಲರ ಅರ್ಜಿಯಲ್ಲೂ ಇರುವ ಸಾಲು. ಸರ ಕಿತ್ತವನೂ, ಹೆಂಡತಿಗೆ ಬಡಿದವನೂ, ತಾನೂ ಒಂದೇ ಅಳತೆಯ ಪಶ್ಚಾತ್ತಾಪ ಪಟ್ಟಿದ್ದರು. ಷರತ್ತು ಬದಲಿಸುವ ಮೊದಲು ಗಾಯಾಳುವಿಗೂ ನೋಟಿಸ್ ಹೋಗುತ್ತದೆ ಎಂದು ಅವಳು ಆಮೇಲೆ ಹೇಳಿದಳು. "ಬರಲ್ಲ ಬಿಡಿ. ಇಷ್ಟು ವರ್ಷದಲ್ಲಿ ಒಬ್ಬರೂ ಬಂದಿದ್ದು ನಾನು ನೋಡಿಲ್ಲ."

"ಯಾವುದೇ ಯಂತ್ರ" ಎಂಬ ಷರತ್ತನ್ನು ಜಡ್ಜ್ ಕೂಡ ತಾವಾಗಿ ಹಾಕಿರಲಿಲ್ಲ, ಅದು ಮಿಸ್ತ್ರಿಯ ಎದೆಯಲ್ಲಿ ಮುಳ್ಳಿನ ಹಾಗೆ ಇತ್ತು. ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟವನು ಕಂಪನಿಯ ವಕೀಲ. "ತಪ್ಪೊಪ್ಪಿಕೋ, ವಿಚಾರಣೆ ಎಳೆದಾಡೋದು ಬೇಡ, ನಾನು ನೋಡ್ಕೋತೀನಿ," ಎಂದು ಭುಜದ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋಗಿ, "ಇನ್ನು ಜನ್ಮದಲ್ಲಿ ಯಾವ ಯಂತ್ರವನ್ನೂ ಮುಟ್ಟೋದಿಲ್ಲ ಅಂತಾನೆ ಸ್ವಾಮಿ," ಎಂದು ಕೈಮುಗಿದಿದ್ದ. ಮಿಸ್ತ್ರಿ ಅಂದಿರಲಿಲ್ಲ. ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದರು, ಹೌದು ಎಂದ. ಏನು ತಪ್ಪು ಎಂದು ಯಾರೂ ಕೇಳಲಿಲ್ಲ. ನಲವತ್ತು ಲಿಫ್ಟಿನ ವಿಷಯ ಬರಲಿಲ್ಲ, ಕಂಪನಿಯ ಹೆಸರೇ ಬರಲಿಲ್ಲ. ಎಲ್ಲ ಸೇರಿ ಹನ್ನೊಂದು ನಿಮಿಷವಾಯಿತು. ಅದಕ್ಕೂ ಮೊದಲು ಅವನು ಗಾಯಾಳುವನ್ನು ನೋಡಲು ಆಸ್ಪತ್ರೆಗೆ ಒಂದು ಸಲ ಹೋಗಿದ್ದ. ವಾರ್ಡಿನ ಬಾಗಿಲಲ್ಲಿ ನಿಂತಾಗ ಹಾಸಿಗೆಯ ಮೇಲೆ ಹೊದಿಕೆಯ ಒಂದು ಕಡೆ ಚಪ್ಪಟೆಯಾಗಿದ್ದದ್ದು ಕಂಡಿತು. ಆ ಹೆಂಗಸಿನ ತಮ್ಮ ಎದ್ದು ಬಂದು ಕಾಲರ್ ಹಿಡಿದು, ಅಷ್ಟೂ ರೋಗಿಗಳ ಎದುರು, "ರಾಜಿಗೆ ಬಂದಿದೀಯೇನೋ? ಕಾಲಿಗೆ ರೇಟ್ ಹೇಳೋಕೆ ಬಂದಿದೀಯಾ?" ಎಂದು ಮೆಟ್ಟಿಲ ತನಕ ದಬ್ಬಿಕೊಂಡು ಹೋಗಿದ್ದ. ಎರಡನೇ ಷರತ್ತು ಹುಟ್ಟಿದ್ದು ಹಾಗೆ. ಅವನು ಹೋಗಿದ್ದು ರಾಜಿಗಲ್ಲ, ಲಿಫ್ಟಿನ ಒಂದು ವೈರಿನ ವಿಷಯ ಹೇಳುವುದಕ್ಕೆ. ಹೇಳಲು ಹೋದದ್ದನ್ನು ಹೇಳದೆಯೇ ಮೆಟ್ಟಿಲಿಳಿದಿದ್ದ.

ಮೆಟ್ಟಿಲ ಕಡೆಯಿಂದ ಕೋಲು ಊರುವ ಸದ್ದು ಬಂತು. ಒಂದು ಮೆಟ್ಟಿಲು, ನಿಲುಗಡೆ, ಇನ್ನೊಂದು ಮೆಟ್ಟಿಲು. ಕಟ್ಟಡಕ್ಕೆ ಲಿಫ್ಟ್ ಇತ್ತು. ಅದರ ಬಾಗಿಲಿಗೆ "ನ್ಯಾಯಾಧೀಶರಿಗೆ ಮಾತ್ರ" ಎಂದು ಚೀಟಿ ಅಂಟಿಸಿದ್ದರು. ಒಬ್ಬ ಹೆಂಗಸು ಮೇಲೆ ಬಂದು, ಕಂಬ ಹಿಡಿದು ಉಸಿರು ತೆಗೆದುಕೊಂಡು, ಸೀದಾ ನಡೆದು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಬೆಂಚು ಮಿಸುಕಿತು. ಸೀರೆಯ ಅಂಚಿನ ಕೆಳಗೆ ಎಡಗಡೆ ಷೂವಿನೊಳಗಿದ್ದ ಪಾದ ಒಂದಿಷ್ಟೂ ಮಣಿಯದೆ ನೆಟ್ಟಗೆ ನಿಂತಿತ್ತು. ಅವನು ಮುಖ ನೋಡುವ ಮೊದಲೇ ಆ ಷೂ ನೋಡಿದ, ಗುರುತು ಸಿಕ್ಕಿತು, ಕುಂಡೆಗೆ ಬೆಂಕಿ ತಾಗಿದವನ ಹಾಗೆ ಎದ್ದು ನಿಂತ.

ಹಾಲಿನ ಬಾಗಿಲಲ್ಲಿ ಜವಾನ ಪಟ್ಟಿ ಹಿಡಿದು ನಿಂತಿದ್ದ. ಮಿಸ್ತ್ರಿ ಅವನ ಹತ್ತಿರ ಹೋಗಿ ದನಿ ತಗ್ಗಿಸಿ, "ನಾನು ಗೇಟಿನ ಹೊರಗೆ ಇರ್ತೀನಿ, ನನ್ನ ಅರ್ಜಿ ಬಂದಾಗ ಒಂದು ಕೂಗು ಹಾಕ್ತೀರಾ?" ಎಂದ.

"ಗೇಟಿಗೆ ಬಂದು ಕರೆಯೋಕೆ ನೀವೇನು ನಮ್ಮನೆ ಅಳಿಯನಾ? ಇಲ್ಲೇ ಒಂದು ಸಲ ಕೂಗ್ತೀನಿ. ಬಂದ್ರೆ ಬಂದ್ರಿ, ಇಲ್ಲಾಂದ್ರೆ ಅರ್ಜಿ ವಜಾ."

"ಅವರಿಂದ ನೂರು ಮೀಟರ್ ದೂರ ಇರ್ಬೇಕು ನಾನು. ಆರ್ಡರಲ್ಲಿದೆ."

ಜವಾನ ಕಾರಿಡಾರನ್ನು ಆ ತುದಿಯಿಂದ ಈ ತುದಿಗೆ ಕಣ್ಣಲ್ಲೇ ಅಳೆದ. "ಇದೇ ಮೂವತ್ತು ಮೀಟರ್ ಇಲ್ಲ. ಉಳಿದ ಎಪ್ಪತ್ತು ಕಿಟಕಿಯಾಚೆ ಗಾಳೀಲಿ ನಿಂತ್ಕೊಳ್ಳಿ."

ಅವನು ಕಾರಿಡಾರಿನ ತುದಿಯ ಕಿಟಕಿಗೆ ಹೋಗಿ ನಿಂತ. ಕಂಬಿಗಳ ಕೆಳಗೆ ಅಂಗಳದಲ್ಲಿ ಸ್ಕೂಟರುಗಳು ಒಂದರ ಮೇಲೊಂದು ಒರಗಿದ್ದವು. ದೂರ ಹೋದರೆ ಅರ್ಜಿ ಹೋಗುತ್ತದೆ, ಹತ್ತಿರ ನಿಂತರೆ ಷರತ್ತು ಮುರಿಯುತ್ತದೆ. ಆರ್ಡರ್ ಬರೆದವರು ಇದೇ ಕಟ್ಟಡದಲ್ಲಿ ಕೂತು ಬರೆದದ್ದು, ನೋಟಿಸ್ ಕಳಿಸಿದವರೂ ಇದೇ ಕಟ್ಟಡದವರು, ಬೆಂಚು ಹಾಕಿಸಿದವರೂ ಇವರೇ. ಒಬ್ಬನಾದರೂ ಟೇಪು ಹಿಡಿದು ಅಳೆದಿದ್ದಾನೆಯೇ. ಲಿಫ್ಟಿನ ಬಾಗಿಲಿನ ಸಂದನ್ನು ಮಿಲಿಮೀಟರಿನಲ್ಲಿ ಅಳೆದು ಬದುಕಿದವನು ತಾನು. ಇವರು ಮೀಟರು ಎಂದು ಬಾಯಿಗೆ ಬಂದದ್ದು ಬರೆದು, ಅದನ್ನು ಮೀರಿದ್ದೀಯೆಂದು ತನ್ನನ್ನೇ ಹಿಡಿಯುತ್ತಾರೆ.

"ರೀ," ಎಂದಳು ಹೆಂಗಸು. ಜೋರಾಗಿ, ಹಿಂದಿನ ಸಾಲಿನ ಹುಡುಗರನ್ನು ಕರೆದು ರೂಢಿಯಾದ ದನಿ. ಅವಳು ಹೈಸ್ಕೂಲಿನ ಗಣಿತದ ಟೀಚರ್ ಎಂದು ತೀರ್ಪಿನಲ್ಲಿತ್ತು. "ಎದ್ದು ಹೋಗೋಕೆ ನಾನೇನು ಕಚ್ತೀನಾ? ಬನ್ನಿ, ಕೂತ್ಕೊಳ್ಳಿ."

ಅವನು ಕಿಟಕಿಯ ಕಡೆಗೇ ಮುಖ ಮಾಡಿ ನಿಂತ. ಕಂಬಿಯ ಮೇಲಿನ ತುಕ್ಕು ಅಂಗೈಗೆ ಅಂಟಿತು.

"ನೋಟಿಸ್ ಬಂತು ಅಂತ ಬಂದೆ. ಕೇಸ್ ಮುಗಿದಾಗ ಒಂದು ನೋಟಿಸೂ ಇರಲಿಲ್ಲ. ನೀವು ಒಪ್ಕೊಂಡ್ರಂತೆ, ಮುಗೀತಂತೆ, ಅಂತ ನನ್ನ ತಮ್ಮ ಪೇಪರಲ್ಲಿ ಓದಿ ಹೇಳಿದ. ನನ್ನ ಕಾಲು ಯಾಕೆ ಹೋಯ್ತು ಅಂತ ನನಗೆ ಯಾರೂ ಹೇಳಿಲ್ಲ. ಬಾಗಿಲು ತೆಗೆದಿತ್ತು, ಕಾಲಿಟ್ಟೆ, ಲಿಫ್ಟ್ ಮೇಲೆ ಹೋಯ್ತು. ಬಾಗಿಲು ತೆಗೆದಿದ್ರೆ ಲಿಫ್ಟ್ ಹೋಗಬಾರದಲ್ವಾ? ಹೇಗೆ ಹೋಯ್ತು? ಅಷ್ಟು ಹೇಳಿ. ಬೇರೇನೂ ಬೇಡ."

ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬರು ಆ ಪ್ರಶ್ನೆ ಕೇಳಿದ್ದರು. ಮಿಸ್ತ್ರಿ ತಿರುಗಿದ. ಜವಾನ ಒಳಗೆ ಹೋಗಿದ್ದ, ವಕೀಲೆಯ ಪತ್ತೆ ಇರಲಿಲ್ಲ. ಕಾಲು ತಾವಾಗಿಯೇ ನಡೆದವು. ಬೆಂಚಿನ ತನ್ನ ತುದಿಯಲ್ಲಿ ಕೂತು, ಎದುರಿನ ಗೋಡೆ ನೋಡುತ್ತ, ಮೆಕ್ಯಾನಿಕ್ಕು ಇನ್ನೊಬ್ಬ ಮೆಕ್ಯಾನಿಕ್ಕಿಗೆ ಹೇಳುವ ಹಾಗೆ ಹೇಳಿದ. ಬಾಗಿಲಿನ ಬೀಗದಲ್ಲಿ ಒಂದು ಸ್ವಿಚ್ ಇರುತ್ತದೆ. ಬಾಗಿಲು ಮುಚ್ಚಿದರೆ ಮಾತ್ರ ಕರೆಂಟು ದಾಟುತ್ತದೆ, ಲಿಫ್ಟ್ ಓಡುತ್ತದೆ. ಆ ಸ್ವಿಚ್ ಕೆಟ್ಟಾಗ ದೋಷ ಹುಡುಕುವುದಕ್ಕೆ, ಪ್ಯಾನೆಲ್ಲಿನಲ್ಲಿ ಒಂದು ಗೇಣುದ್ದದ ಕೆಂಪು ವೈರ್ ಹಾಕಿ, ಸ್ವಿಚ್ ತಪ್ಪಿಸಿ ಕರೆಂಟು ದಾಟಿಸುತ್ತೇವೆ. ಆಗ ಬಾಗಿಲು ತೆಗೆದಿದ್ದರೂ ಮುಚ್ಚಿದೆ ಎಂದು ಲಿಫ್ಟ್ ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ವೈರ್ ತೆಗೆಯಲೇಬೇಕು. ಮರೆಯಬಾರದೆಂದು ನಾವು ಲೆಕ್ಕ ಇಡುತ್ತೇವೆ. ನನ್ನ ಹತ್ತಿರ ಯಾವಾಗಲೂ ಎರಡು ವೈರ್. ಪ್ಯಾನೆಲ್ ಮುಚ್ಚುವ ಮೊದಲು ಅಂಗಿಯ ಜೇಬು ಮುಟ್ಟಿ ನೋಡಬೇಕು, ಎರಡು ಇರಬೇಕು. ಹದಿನೈದು ವರ್ಷ ಹಾಗೇ ಮಾಡಿದ್ದೆ.

"ಅವತ್ತು?"

"ಅವತ್ತೂ ಎಣಿಸಿದೆ. ಎರಡಿತ್ತು."

"ಮತ್ತೆ?"

"ಬೆಳಿಗ್ಗೆ ಟೀ ಅಂಗಡೀಲಿ ಇನ್ನೊಂದು ಏರಿಯಾದ ಮೆಕ್ಯಾನಿಕ್ ಸಿಕ್ಕಿದ್ದ. ಯಾವಾಗಲೋ ತಗೊಂಡಿದ್ದ ವೈರ್ ವಾಪಸ್ ಕೊಟ್ಟ. ಮಾತಾಡ್ತಾ ಜೇಬಿಗೆ ಹಾಕ್ಕೊಂಡೆ. ಮೂರಾಗಿತ್ತು. ಒಂದು ಪ್ಯಾನೆಲಲ್ಲಿ, ಎರಡು ಜೇಬಲ್ಲಿ. ಎಣಿಸಿದೆ, ಸರಿಯಾಗಿತ್ತು, ಮುಚ್ಚಿದೆ."

ಟೀಚರ್ ಬೆರಳು ಮಡಚಿ ಎಣಿಸಿ ನೋಡಿದಳು. ಹಾಲಿನೊಳಗಿಂದ ಯಾರೋ ಕೆಮ್ಮಿದರು.

"ನೀವು ಜೇಬಲ್ಲಿ ಉಳಿದಿದ್ದನ್ನ ಎಣಿಸಿದ್ರಿ," ಎಂದಳು. "ಹೊರಗೆ ಹಾಕಿದ್ದನ್ನ ಎಣಿಸ್ಲಿಲ್ಲ."

"ಹೌದು."

"ಅದು ವಿಧಾನದ ತಪ್ಪು. ಹದಿನೈದು ವರ್ಷವೂ ತಪ್ಪೇ. ಉತ್ತರ ಮಾತ್ರ ಸರಿ ಬರ್ತಾ ಇತ್ತು."

ಅದು ಹೊಡೆತದಂತೆ ಬಿತ್ತು, ಮತ್ತು ಅದರಲ್ಲಿ ಕೆಟ್ಟತನವಿರಲಿಲ್ಲ. ಜಡ್ಜ್, ಎರಡು ಕಡೆಯ ವಕೀಲರು, ಸೂಪರ್‌ವೈಸರ್, ಎಲ್ಲರೂ ಸೇರಿ ನಿರ್ಲಕ್ಷ್ಯ ಎಂಬ ಒಂದು ಪದದಲ್ಲಿ ಮುಚ್ಚಿಟ್ಟದ್ದನ್ನು ಅವಳು ಕಪ್ಪುಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದಳು.

"ನಿಮ್ಮನ್ನ ಕ್ಷಮಿಸಿದೀನಿ ಅಂದ್ಕೋಬೇಡಿ," ಎಂದಳು ಟೀಚರ್.

"ಅಂದ್ಕೊಂಡಿಲ್ಲ."

"ನೀವು ಕೆಲಸ ಇಲ್ಲದೆ ಕೂತ್ರೆ ನನಗೆ ಪಾದ ಬರಲ್ಲ. ಆಕ್ಷೇಪಣೆ ಇಲ್ಲ ಅಂತ ಹೇಳೋಕೆ ಬಂದಿದ್ದು. ಎರಡು ಮಹಡಿ ಹತ್ತಿ ಬಂದಿದೀನಿ, ಅದಾದ್ರೂ ಆಗ್ಲಿ."

ಅಷ್ಟರಲ್ಲಿ ಜವಾನ ಕೂಗಿದ. ವಕೀಲೆ ಮೆಟ್ಟಿಲಿಂದ ಓಡಿ ಬಂದಳು, ಕರಿಕೋಟಿನ ಒಂದು ತೋಳು ಇನ್ನೂ ಹೊರಗಿತ್ತು.

ಒಳಗೆ ಎಲ್ಲ ಬೇಗ ಬೇಗ ನಡೆಯಿತು. ಜಡ್ಜ್‌ಗೆ ನೆಗಡಿಯಾಗಿತ್ತು, ಕರವಸ್ತ್ರ ಮೂಗಿಗೂ ಮೇಜಿಗೂ ಓಡಾಡುತ್ತಿತ್ತು. ವಕೀಲೆ ಚೆನ್ನಾಗಿ ಮಾತಾಡಿದಳು: ಹದಿನಾಲ್ಕು ಸೋಮವಾರ ತಪ್ಪದೆ ಹಾಜರಾಗಿದ್ದಾನೆ, ಪ್ರೊಬೇಷನ್ ಅಧಿಕಾರಿಯ ವರದಿ ಒಳ್ಳೆಯದಿದೆ, ಕೆಲಸಕ್ಕೂ ಅಪರಾಧಕ್ಕೂ ಸಂಬಂಧವಿಲ್ಲ, ಒಂದೇ ಒಂದು ಪದ ಬದಲಾದರೆ ಒಂದು ಸಂಸಾರ ನಿಲ್ಲುತ್ತದೆ. ಜಡ್ಜ್ ತಲೆಯಾಡಿಸುತ್ತಿದ್ದರು. ಟೀಚರನ್ನು ಕರೆದು ಕೇಳಿದರು. ಆಕ್ಷೇಪಣೆ ಇಲ್ಲ ಎಂದಳು. ಪೆನ್ನು ಕಾಗದದ ಮೇಲೆ ಬಂತು. ಆಗ ಸರ್ಕಾರಿ ವಕೀಲ, ತನಗೂ ಇಲ್ಲಿ ಒಂದು ಕೆಲಸವಿದೆ ಎಂದು ಈಗ ನೆನಪಾದವನ ಹಾಗೆ, ಅರ್ಧ ಎದ್ದ.

"ಆರೋಪಿ ಈ ಅವಧಿಯಲ್ಲಿ ನಿಮ್ಮನ್ನ ಭೇಟಿ ಮಾಡೋದಾಗಲಿ, ಒತ್ತಡ ಹಾಕೋದಾಗಲಿ, ಮಾತಾಡೋದಾಗಲಿ ಮಾಡಿದ್ದಾನಾ?"

"ಒತ್ತಡ ಹಾಕಿಲ್ಲ."

"ಮಾತಾಡಿದ್ದು?"

"ಈಗ ಮಾತಾಡಿದ್ರು. ಹೊರಗೆ, ಬೆಂಚಿನ ಮೇಲೆ. ನಾನು ಕೇಳಿದೆ, ಅವರು ಹೇಳಿದ್ರು."

ಟೈಪಿಸುತ್ತಿದ್ದವನ ಬೆರಳು ನಿಂತವು. ವಕೀಲೆ ಕಣ್ಣು ಮುಚ್ಚಿ ತೆರೆದಳು. ಮಿಸ್ತ್ರಿ ಟೀಚರನ್ನು ನೋಡಿದ. ಇಲ್ಲ ಎಂದಿದ್ದರೆ ಇವಳ ಯಾವ ಗಂಟು ಹೋಗುತ್ತಿತ್ತು. ಎರಡೇ ಅಕ್ಷರ, ಇಲ್ಲ. ಸತ್ಯ ಹೇಳಿ ಮನೆಗೆ ಹೋಗಿ ಚಹಾ ಕುಡಿಯುತ್ತಾಳೆ, ಬೆಲೆ ತೆರುವವನು ಇಲ್ಲಿ ನಿಂತಿದ್ದಾನೆ. ಅವಳ ಪಾದ ಹೋದದ್ದು ತನ್ನಿಂದ ಎಂದು ನೆನಪಾಗುವ ಮೊದಲೇ ಆ ಸಿಟ್ಟು ಬಂದುಬಿಟ್ಟಿತ್ತು. ನೆನಪಾದ ಮೇಲೆ ಅದು ಇನ್ನೂ ಹೆಚ್ಚಾಯಿತು. ಟೀಚರಿಗೆ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. "ಇರೋದು ಒಂದೇ ಬೆಂಚು ಸ್ವಾಮಿ," ಎಂದಳು. "ನಾನೇ ಕರೆದಿದ್ದು. ಅವರು ಎದ್ದು ಹೋಗಿದ್ರು."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ," ಎಂದರು ಜಡ್ಜ್.

"ಕೇಳಿದ್ದಕ್ಕೇ ಕೊಟ್ಟೆ, ಅದೇ ತಪ್ಪಾಯ್ತಲ್ಲ."

ಜಡ್ಜ್ ಮೂಗು ಒರೆಸಿಕೊಂಡು ಆದೇಶ ಹೇಳಿ ಬರೆಸಿದರು. ಎರಡನೇ ಷರತ್ತಿನ ಉಲ್ಲಂಘನೆ ಆಗಿದೆಯೇ ಎಂಬ ಬಗ್ಗೆ ಅರ್ಜಿದಾರನು ಮಧ್ಯಾಹ್ನ ಎರಡೂವರೆಯೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು. ವಿವರಣೆ ತೃಪ್ತಿಕರವಾಗಿದ್ದರೆ ಅರ್ಜಿಯನ್ನು ಪರಿಗಣಿಸಲಾಗುವುದು.

ಮೆಟ್ಟಿಲ ಕೆಳಗೆ ಟೈಪಿಸ್ಟಿನ ಗೂಡು. ಅಲ್ಲಿ ಒಬ್ಬರು ಕೂರಬಹುದು, ಇಬ್ಬರು ಬಗ್ಗಿ ನಿಲ್ಲಬಹುದು. ವಕೀಲೆ ನಿಂತಲ್ಲೇ ಬಿಸ್ಕತ್ತು ಕಚ್ಚುತ್ತ ಹೇಳತೊಡಗಿದಳು. "ಸದರಿ ಗಾಯಾಳುವೇ ಏಕಪಕ್ಷೀಯವಾಗಿ ಮಾತಾಡಿದ್ದು, ಅರ್ಜಿದಾರನು ಯಾವುದೇ ಉತ್ತರ ನೀಡದೆ ಎದ್ದು ಹೋಗಿರುತ್ತಾನೆ. ಸದರಿ ಗಾಯಾಳುವು ಘಟನೆಯ ಮಾನಸಿಕ ಆಘಾತದಿಂದ ಇನ್ನೂ ಹೊರಬಂದಿರದ ಕಾರಣ ತಪ್ಪಾಗಿ ಗ್ರಹಿಸಿರುತ್ತಾರೆ."

"ಅವರಿಗೆ ತಲೆ ಕೆಟ್ಟಿದೆ ಅಂತ ಬರೆಸ್ತಾ ಇದ್ದೀರಾ?"

"ಹಾಗಲ್ಲ. ಗೊಂದಲ ಅಂತ."

"ಅವರಿಗೆ ಗೊಂದಲ ಇಲ್ಲ. ಇಡೀ ಕೋರ್ಟಲ್ಲಿ ಗೊಂದಲ ಇಲ್ಲದೆ ಇರೋರು ಅವರೊಬ್ಬರೇ."

ವಕೀಲೆ ಬಿಸ್ಕತ್ತಿನ ಪೊಟ್ಟಣ ಕೆಳಗಿಟ್ಟಳು. "ನೋಡಿ, ಜಡ್ಜ್ ಬಾಗಿಲು ತೆಗೆದಿಟ್ಟಿದ್ದಾರೆ. ಇದಕ್ಕಿಂತ ಹೆಚ್ಚು ಯಾವ ಜಡ್ಜೂ ತೆಗೆಯಲ್ಲ. ಇದಕ್ಕೆ ಸೈನ್ ಹಾಕಿದ್ರೆ ಮೂರು ಗಂಟೆಗೆ ನಿಮ್ಮ ಕೆಲಸ ನಿಮ್ಮದು. ಆ ಟೀಚರಿಗೇನೂ ಆಗಲ್ಲ, ಅವರು ಇದನ್ನ ಓದೋದೂ ಇಲ್ಲ."

"ಓದಲ್ಲ ಅಂತ ಬರೆಯೋದಾ?"

"ನಿಮ್ಮ ಹೆಂಡತಿ ನನ್ನ ಹತ್ರ ಎಷ್ಟು ಸಲ ಬಂದಿದ್ರು ಗೊತ್ತಾ ನಿಮಗೆ?" ಎಂದಳು ವಕೀಲೆ. ಅವಳ ದನಿ ಈಗ ಏರಿತ್ತು. "ಐದು ಸಲ. ಪ್ರೆಸ್ಸಲ್ಲಿ ಅರ್ಧ ದಿನ ರಜ ಹಾಕಿ ಬಂದು ನಿಂತಿದ್ರು. ಈ ಅರ್ಜಿ ಹಾಕಿ ಅಂತ ಬೆನ್ನು ಬಿದ್ದಿದ್ದು ಅವರು. ನೀವಲ್ಲ."

ಅದು ಅವನಿಗೆ ಗೊತ್ತಿರಲಿಲ್ಲ. ಅರ್ಜಿ ಹಾಕಲು ಪ್ರೊಬೇಷನ್ ಆಫೀಸಿನಿಂದಲೇ ಯಾರೋ ಹೇಳಿದ್ದಾರೆ ಎಂದು ಹೆಂಡತಿ ಅಂದಿದ್ದಳು, ಅವನು ನಂಬಿದ್ದ. ನಂಬಿದ್ದ ಎನ್ನುವುದೂ ಸುಳ್ಳು, ಕೇಳಿಸಿಕೊಂಡಿರಲೇ ಇಲ್ಲ. ಪುಸ್ತಕ ಬೈಂಡಿಂಗಿನ ಅಂಟು ಉಗುರಿನ ಸುತ್ತ ಒಣಗಿದ ಆ ಕೈ ವಕೀಲೆಯ ಕೋಣೆಯ ಬಾಗಿಲು ಹಿಡಿದು ಐದು ಸಲ ನಿಂತಿತ್ತೆಂದು ಯೋಚಿಸಿದಾಗ, ಸೈನ್ ಹಾಕಿಬಿಡು ಎಂದು ಮೈಯೆಲ್ಲ ಹೇಳಿತು. ಟೈಪಿಸ್ಟ್ ಹಾಳೆ ಎಳೆದು ಮುಂದಿಟ್ಟ. ಶಾಯಿ ಇನ್ನೂ ಹಸಿಯಾಗಿತ್ತು. ಅರ್ಜಿದಾರನು ಯಾವುದೇ ಉತ್ತರ ನೀಡದೆ. ಅವನು ಆ ಸಾಲನ್ನು ಎರಡು ಸಲ ಓದಿದ. ಜನ್ಮದಲ್ಲಿ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದ. ಅದನ್ನು ಕೊಟ್ಟಿಲ್ಲ ಎನ್ನಬೇಕು. ಕೇಳಿದವಳಿಗೆ ತಲೆ ಸರಿಯಿಲ್ಲ ಎನ್ನಬೇಕು. ಮೊದಲು ಪಾದ ತೆಗೆದೆ, ಈಗ ಬುದ್ಧಿಯನ್ನೂ ತೆಗೆದುಬಿಡು. ಕಂಪನಿಯ ವಕೀಲನ ಕೈ ಭುಜದ ಮೇಲೆ ಮತ್ತೆ ಬಿದ್ದ ಹಾಗಾಯಿತು. ಅವನು ಹಾಳೆಯನ್ನು ಮಗುಚಿ, ಖಾಲಿ ಬೆನ್ನಿನ ಮೇಲೆ, ಟೈಪಿಸ್ಟಿನ ಪೆನ್ನು ಕಿತ್ತುಕೊಂಡು, ಕಾಗದ ಹರಿಯುವಷ್ಟು ಒತ್ತಿ ಬರೆದ. ಅವರು ಕೇಳಿದರು. ನಾನು ಹೇಳಿದೆ. ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಅವರು ಹೇಳಿದ್ದೆಲ್ಲ ನಿಜ. ಕೆಳಗೆ ಸೈನ್ ಹಾಕಿದ.

ವಕೀಲೆ ಓದಿದಳು. "ಇದನ್ನ ಕೊಟ್ರೆ ಲಾಂಡ್ರಿ ಹೋಯ್ತು. ನೋಟಿಸ್ ಬರತ್ತೆ. ಪ್ರೊಬೇಷನ್ ರದ್ದಾದ್ರೆ ಒಂದು ವರ್ಷ ಒಳಗೆ."

"ಗೊತ್ತು."

"ಗೊತ್ತಿಲ್ಲ ನಿಮಗೆ. ಯಾರಿಗೂ ಏನೂ ಗೊತ್ತಿರಲ್ಲ, ಆಮೇಲೆ ನನ್ನ ಹತ್ರ ಬಂದು ಅಳ್ತಾರೆ." ಆದರೂ ಹಾಳೆಯನ್ನು ಹರಿಯಲಿಲ್ಲ, ಫೈಲಿನೊಳಗಿಟ್ಟು ಮೆಟ್ಟಿಲು ಹತ್ತಿದಳು.

ಎರಡೂವರೆಗೆ ಜಡ್ಜ್ ಓದಿ, ಕನ್ನಡಕದ ಮೇಲಿಂದ ಅವನನ್ನು ಒಮ್ಮೆ ನೋಡಿದರು. ಅರ್ಜಿ ವಜಾ. ಷರತ್ತು ಮುರಿದದ್ದಕ್ಕೆ ಪ್ರೊಬೇಷನ್ ಯಾಕೆ ರದ್ದು ಮಾಡಬಾರದೆಂದು ಹದಿನೈದು ದಿನದಲ್ಲಿ ಕಾರಣ ತೋರಿಸತಕ್ಕದ್ದು. ಜವಾನ ನೋಟಿಸಿಗೆ ಸೈನ್ ಹಾಕಿಸಿಕೊಂಡ. ಟೀಚರ್ ಆಗಲೇ ಹೊರಟುಹೋಗಿದ್ದಳು, ಮಧ್ಯಾಹ್ನದ ಕ್ಲಾಸಿತ್ತಂತೆ.

ಅವನು ಅಂಗಳಕ್ಕೆ ಬಂದು ಫೋರ್‌ಮನ್‌ಗೆ ಫೋನ್ ಮಾಡಿ ಬೇರೆಯವರನ್ನು ನೋಡಿಕೊಳ್ಳಿ ಎಂದ. ಫೋರ್‌ಮನ್ "ಸರಿ ಬಿಡಪ್ಪ" ಎಂದ, ಬೇರೇನೂ ಕೇಳಲಿಲ್ಲ. ಆಮೇಲೆ ಸ್ಕೂಟರುಗಳ ನಡುವೆ ನಿಂತು ಹೆಂಡತಿಗೆ ಮಾಡಿದ. ಹಿಂದುಗಡೆ ಪ್ರೆಸ್ಸಿನ ಕಟಿಂಗ್ ಮಷಿನ್ ದಡಬಡ ಎನ್ನುತ್ತಿತ್ತು.

"ಆಯ್ತಾ?" ಎಂದಳು.

"ಆಗ್ಲಿಲ್ಲ."

"ಯಾಕೆ?"

"ಆ ಟೀಚರ್ ಬಂದಿದ್ರು. ಅವರ ಹತ್ರ ಮಾತಾಡಿದೆ. ಮಾತಾಡಬಾರದಿತ್ತು. ಒಳಗೆ ಹಾಕಿದ್ರೂ ಹಾಕಬಹುದು."

ಅವಳು ನಡೆಯುತ್ತಿರುವುದು ಕೇಳಿಸಿತು. ಬಾಗಿಲು ಎಳೆದ ಸದ್ದು, ಆಮೇಲೆ ಮಷಿನ್ನಿನ ಸದ್ದು ದೂರವಾಯಿತು. ಅವಳು ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ತಾನೂ ಕೂಗಬಹುದು ಎಂದು, ಇಡೀ ದಿನದ್ದನ್ನು, ಹದಿನಾಲ್ಕು ತಿಂಗಳದ್ದನ್ನು ಅವಳ ಮೇಲೆ ಸುರಿಯಬಹುದು ಎಂದು ಬಾಯಿ ತೆರೆದು ನಿಂತಿದ್ದ.

"ಏನು ಮಾತಾಡಿದ್ರಿ?"

"ಅವತ್ತು ಏನಾಯ್ತು ಅಂತ."

"ಏನಾಯ್ತು ಅವತ್ತು?" ಎಂದಳು. "ನನಗೆ ಹೇಗೆ ಗೊತ್ತಿರತ್ತೆ? ಅವರಿಗೆ ಹೇಳಿದ್ರಿ, ಹೇಳಿ ಜೈಲಿಗೆ ಹೋಗ್ತೀರಿ. ಮಾತಾಡಬೇಡಿ ಅಂತ ಕೋರ್ಟು ನಿಮಗೆ ಹೇಳಿದ್ದು ಅವರ ವಿಷಯಕ್ಕೆ. ನನ್ನ ಹತ್ರ ಮಾತಾಡಬೇಡಿ ಅಂತ ಯಾರು ಹೇಳಿದ್ದು ನಿಮಗೆ? ಒಂದೇ ಮನೇಲಿ ಇದೀನಲ್ಲ ನಾನು, ನನ್ನಿಂದ ಎಷ್ಟು ಮೀಟರ್ ದೂರ ಇರಬೇಕು ಅಂತ ಬರೆದಿತ್ತು ಅದರಲ್ಲಿ?"

ಅವಳು ಫೋನ್ ಇಟ್ಟಳು. ಅವನು ಮತ್ತೆ ಮಾಡಿದ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಒಬ್ಬ ವಕೀಲ ಸ್ಕೂಟರ್ ತೆಗೆಯಬೇಕು, ಪಕ್ಕಕ್ಕೆ ಸರಿ ಎಂದ. ಅವನು ಸರಿಯದೆ ನಿಂತು ಮೂರನೇ ಸಲ ಮಾಡಿದ. ಎತ್ತಿದಳು.

"ಕೇಳ್ತಾ ಇದೀಯಾ?"

"ನಮ್ಮ ಪ್ರೆಸ್ಸಿನ ಸೂಪರ್‌ವೈಸರ್ ಬಾಗಿಲಲ್ಲೇ ನಿಂತಿದಾನೆ. ಬೇಗ ಹೇಳಿ."

"ಬೇಗ ಹೇಳೋಕೆ ಆಗಲ್ಲ."

"ಹಾಗಾದ್ರೆ ನಿಧಾನಕ್ಕೆ ಹೇಳಿ," ಎಂದಳು. "ಅವನು ಬೈದ್ರೆ ಬೈಸ್ಕೋತೀನಿ."